ಹಗರೆಯ ಒಲೆಗೆ ಸಹಿ ಹಾಕಿದ ರಂಗಪ್ಪನವರು

ರಂಗಪ್ಪನವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಅಡುಗೆಮನೆಯ ಸೂರನ್ನು. ಹಗರೆಯ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಅಷ್ಟೇ. ನಾನು "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಿದ್ದರೆ ಅವರು ಸೊಂಟದ ಮೇಲೆ ಕೈಯಿಟ್ಟು, ಕತ್ತೆತ್ತಿ ಮಸಿ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಹಳೇ ಮಸಿ ದಪ್ಪಗೈತೆ, ಹೊಸದು ಕೂತೇ ಇಲ್ಲ. ಈಗ ಒಬ್ರಿಗೇ ಅಡ್ಗೆ, ಅಲ್ವೇನವ್ವ?" ಎಂದರು. ನನಗೆ ಸಿಟ್ಟು ಬಂತು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು, ಮಗಳು ಅರಸೀಕೆರೆಯಲ್ಲಿ ಗಂಡನ ಮನೆಯಲ್ಲಿದ್ದಳು. ನಾನು ಒಂಟಿ ಅನ್ನುವುದನ್ನು ಊರಲ್ಲಿ ಯಾರೂ ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳಿರಲಿಲ್ಲ.

ಅವರನ್ನು ಕರೆಸಿದ್ದು ಒಂದು ಕಾಗದಕ್ಕಾಗಿ. ಕೋಡುಬಳೆ ಮಾಡಿ ಬೇಲೂರಿನ ಅಂಗಡಿಗಳಿಗೆ ಹಾಕೋಣವೆಂದು ಹೊರಟಿದ್ದೆ. ದುಡ್ಡಿಗಿಂತ ಹೆಚ್ಚಾಗಿ ನನಗೆ ಹಗಲು ಕಳೆಯಬೇಕಿತ್ತು. ಲೈಸೆನ್ಸಿಗೆ ಅರ್ಜಿ ಕೊಟ್ಟ ಮೇಲೆ ಮನೆ ನೋಡಲು ಬಂದ ಅಧಿಕಾರಿ ನಮ್ಮತ್ತೆಯ ಕಾಲದ ಕಬ್ಬಿಣದ ಸೌದೆ ಒಲೆಯ ಮುಂದೆ ನಿಂತು, "ಇದು ಯಾವ ಕಂಪನಿದಮ್ಮ? ಸೇಫ್ಟಿ ಸರ್ಟಿಫಿಕೇಟ್ ಎಲ್ಲಿ? ಅದಿಲ್ದೆ ಲೈಸೆನ್ಸ್ ಆಗಲ್ಲ" ಎಂದುಬಿಟ್ಟರು. ಹೊಗೆಯಿಲ್ಲದ ಒಲೆ ಎಂದು ಸರ್ಕಾರದವರು ಊರೂರಿಗೆ ಹಂಚಿದ ಕಾಲದಲ್ಲಿ ಬಂದ ಒಲೆ ಅದು. ಕಂಪನಿಯ ಹೆಸರು, ಪಾಸಾದ ಗುರುತು ಎಲ್ಲ ಇದ್ದ ಹಿತ್ತಾಳೆ ಬಿಲ್ಲೆಯೊಂದು ಮುಂದುಗಡೆ ಇತ್ತು, ನಿಜ. ಆದರೆ ನಮ್ಮತ್ತೆ ಅದನ್ನು ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟು ಕೈಮುಗಿಯುತ್ತಿದ್ದರು. ಅಷ್ಟು ವರ್ಷದ ಪೂಜೆಗೆ ಅಕ್ಷರಗಳೆಲ್ಲ ಮೋಕ್ಷ ಪಡೆದಿದ್ದವು. ಆ ಕಾಲದಲ್ಲಿ ಒಲೆ ಜೋಡಿಸುತ್ತಿದ್ದವರೊಬ್ಬರು ಮಾದಿಹಳ್ಳಿಯಲ್ಲಿ ಇನ್ನೂ ಇದ್ದಾರೆ ಎಂದು ಹಾಲಿನ ಡೈರಿಯಲ್ಲಿ ಯಾರೋ ಹೇಳಿದರು. ಹಾಗೆ ಬಂದವರು ರಂಗಪ್ಪನವರು.

ಬಿಲ್ಲೆಯನ್ನು ನೋಡಿ ಅವರು ನಕ್ಕರು. "ಎಲ್ಲಾರ್ ಮನೇಲೂ ಇದೇ ಕಥೆ. ದೇವ್ರು ಅಂತ ಉಜ್ಜಿ ಉಜ್ಜಿ ಮೂಗು ಬಾಯಿ ಇಲ್ದಂಗೆ ಮಾಡವ್ರೆ." ಆಮೇಲೆ ಟವೆಲ್ ಹಾಸಿಕೊಂಡು ಆ ವಯಸ್ಸಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ, ಬೂದಿ ತೆಗೆಯುವ ಕಿಂಡಿಯೊಳಗೆ ತೋಳುದ್ದ ಕೈ ಹಾಕಿದರು. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರು. "ಐತೆ. ಯಾರೂ ಕುಂಕುಮ ಇಡಕ್ಕಾಗದಿರೋ ಜಾಗದಾಗೂ ಒಂದ್ ನಂಬರ್ ಹೊಡೆದವ್ರೆ, ಪುಣ್ಯಾತ್ಮರು." ಅದರ ಮೇಲೆ ಬಿಳಿ ಹಾಳೆ ಒತ್ತಿ ಇದ್ದಿಲಿನಿಂದ ಉಜ್ಜಿದರು. ಹೊರಗೆ ತೆಗೆದಾಗ ಹಾಳೆಯ ಮೇಲೆ ನಂಬರು ಬೆಳ್ಳಗೆ ಮೂಡಿತ್ತು. ಮಾರನೆಯ ವಾರ ಬರುವಾಗ ತಮ್ಮ ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೆಯ ಕಾಗದ ತಂದರು. ಒಲೆ ಜೋಡಿಸುವ ಟ್ರೈನಿಂಗಿನಲ್ಲಿ ಕೊಟ್ಟಿದ್ದಂತೆ. ಆ ಕಂಪನಿ, ಆ ನಮೂನೆ, ಆ ನಂಬರಿನ ಒಲೆಗಳೆಲ್ಲ ಪರೀಕ್ಷೆಯಲ್ಲಿ ಪಾಸಾಗಿವೆ ಎಂದು ಅದರಲ್ಲಿ ಮೊಹರು ಸಮೇತ ಇತ್ತು.

ನಾನು ಗೆದ್ದೆ ಅಂದುಕೊಂಡೆ. ಕಾಗದಕ್ಕೆ ಕೈ ಚಾಚಿದರೆ ಅವರು ಕೊಡಲಿಲ್ಲ. ಬಾಗಿಲು ಕಿಟಕಿ ಮುಚ್ಚಿಸಿ, ಒಲೆಗೆ ಹಸಿ ತೆಂಗಿನ ನಾರು ತುರುಕಿ ಬೆಂಕಿ ಕೊಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಹೊಗೆಯೆಲ್ಲ ಸೂರಿನಾಚೆ ಹೋಗುವ ಕೊಳವೆಗೆ ಹೋಗಬೇಕಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ಎರಡನೇ ಉರಿ, ಅಂದರೆ ಕೋಡೊಲೆಯ ಹಿಂದಿನ ಸಣ್ಣ ಬಿರುಕಿನಿಂದ ಎಳೆಎಳೆಯಾಗಿ ಒಳಕ್ಕೇ ಬಂತು.

"ಕಾಗದ ಅವತ್ತಿನ ಒಲೆಗೆ ಕೊಟ್ಟಿದ್ದು ಕಣವ್ವ. ಇವತ್ತು ಇದು ಪಾಸಿಲ್ಲ."

"ಸಾಹೇಬರು ಕೇಳಿದ್ದು ಕಾಗದ ಅಣ್ಣ. ಅವರಿಗಿಲ್ಲದ ಉಸಾಬರಿ ನಿಮಗ್ಯಾಕೆ?" ಎಂದು ರೇಗಿದೆ.

ಅವರು ನೆಲ ನೋಡುತ್ತ ಹೇಳಿದರು: "ಮಾದಿಹಳ್ಳಿಯಿಂದ ಇಲ್ಲೀಗಂಟ ಎಲ್ಲಾರ್ ಮನೇಲೂ ಒಲೆ ಕೂರಿಸ್ದೆ. ನಮ್ಮನೇಲಿ ಮಾತ್ರ ಮೂರು ಕಲ್ಲಿನ ಒಲೆ. ನಮ್ಗೂ ಒಂದ್ ಹಾಕ್ಕೊಡಿ ಅಂತಿದ್ಲು ನಮ್ಮೋಳು. ನಾಳೆ ಹಾಕ್ತೀನಿ ಇರೇ ಅಂತಿದ್ದೆ. ಕೆಮ್ಮಿ ಕೆಮ್ಮಿ ಹೋದ್ಲು. ಅವತ್ತಿಂದ ಹೊಗೆ ವಿಚಾರದಾಗೆ ನಾನು ಯಾರಿಗೂ ಸುಳ್ಳು ಹೇಳಿಲ್ಲ ತಾಯಿ, ನೀನೂ ಹೇಳಿಸ್ಬ್ಯಾಡ."

ನಾನು ಎದ್ದು ಹೊಗೆ ಹೋಗಲೆಂದು ಕಿಟಕಿ ತೆಗೆದೆ.

ರಿಪೇರಿಗೆ ನಾಲ್ಕು ಬುಧವಾರ ಹಿಡಿಯಿತು. ಒಂದು ಬುಧವಾರ ಬೇಲೂರಿನಲ್ಲಿ ಕಬ್ಬಿಣದ ಪಟ್ಟಿ ಕತ್ತರಿಸಿಕೊಂಡು ಬಂದರು, ಇನ್ನೊಂದು ಬುಧವಾರ ಹುತ್ತದ ಮಣ್ಣು ತಂದು ಭತ್ತದ ಹೊಟ್ಟು ಸೇರಿಸಿ ತುಳಿದರು. ಕೆಲಸ ಮಾಡುವಾಗ ಒಲೆಯ ಜೊತೆ ಮಾತು, ನನ್ನ ಜೊತೆ ಅಲ್ಲ. "ಸುಮ್ನಿರ್ಲಾ, ಆಯ್ತು, ಆಯ್ತು" ಎಂದು ಅದನ್ನು ಗದರಿಸುತ್ತಿದ್ದರು. ನನ್ನ ಕಾಫಿಗೆ ಮಾತ್ರ ಪ್ರತಿ ಸಲವೂ ಒಂದು ಕೊಂಕು: "ಸಕ್ರೆ ಡಬ್ಬಕ್ಕೂ ಬೀಗ ಹಾಕಿದ್ದೀಯೇನವ್ವ?" ಎರಡು ವರ್ಷದ ಮೇಲೆ ನನ್ನ ಅಡುಗೆಮನೆಯಲ್ಲಿ ಒಬ್ಬರು ನನ್ನನ್ನು ಆಡಿಕೊಳ್ಳುತ್ತಿದ್ದರು. ಎಷ್ಟು ಹಿತವಾಗಿತ್ತೆಂದರೆ ನಾನು ಬೇಕೆಂದೇ ಸಕ್ಕರೆ ಕಡಿಮೆ ಹಾಕುತ್ತಿದ್ದೆ.

ಐದನೆಯ ಬುಧವಾರ ನಾರು ಹಚ್ಚಿ ಕೂತರು. ಹೊಗೆ ಒಂದೆಳೆಯೂ ಈಚೆಗೆ ಬರಲಿಲ್ಲ. ಇದ್ದಿಲಿನ ನಂಬರು, ಹಳೆಯ ಕಾಗದ ಎರಡನ್ನೂ ಕೊಟ್ಟು, ಜೊತೆಗೊಂದು ಹಾಳೆಯಲ್ಲಿ "ನಾನೇ ಕೂತು ನೋಡಿದ್ದೇನೆ. ಒಲೆ ಸರಿ ಇದೆ" ಎಂದು ಬರೆದು ಸಹಿ ಹಾಕಿದರು. "ಮತ್ತೆ ಹೊಗೆ ಬಂದ್ರೆ ಹೇಳ್ಬೇಕು. ಸರಿ ಹೋಗ್ನಿಲ್ಲ ಅಂದ್ರೆ ಆಫೀಸಿಗೆ ಹೋಗಿ ಸಹಿ ವಾಪಸ್ ತಗಂತೀನಿ" ಎಂದು ಎಚ್ಚರಿಕೆಯನ್ನೂ ಕೊಟ್ಟರು. ಲೈಸೆನ್ಸ್ ಬಂತು. ಕೋಡುಬಳೆ ಬೇಲೂರಿಗೆ ಹೋಗತೊಡಗಿತು.

ಬುಧವಾರಗಳು ಮಾತ್ರ ಖಾಲಿಯಾದವು. ಹಗಲಿಡೀ ಕೆಲಸವಿದ್ದರೂ ಮನೆಯಲ್ಲಿ ಸದ್ದು ಅಂದರೆ ಎಣ್ಣೆಯದ್ದೇ. ಎರಡು ತಿಂಗಳು ತಡೆದುಕೊಂಡೆ. ಒಂದು ದಿನ ಫೋನ್ ಮಾಡಿ, "ಅಣ್ಣ, ಒಲೇಲಿ ಮತ್ತೆ ಹೊಗೆ ಬರ್ತಿದೆ" ಎಂದೆ. ಹೊಗೆ ಬಂದಿರಲಿಲ್ಲ. ಅವರು ಸಹಿ ವಾಪಸ್ ತಗೊಂಡರೆ ಲೈಸೆನ್ಸ್ ಹೋಗುತ್ತದೆ ಎಂದು ಗೊತ್ತಿದ್ದೂ ಹೇಳಿದ್ದೆ.

ಮಾರನೆಯ ದಿನವೇ ಬಂದರು. ತುಂಬ ಇಳಿದುಹೋಗಿದ್ದರು, ಬಸ್‌ಸ್ಟಾಪಿನಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂತಿದ್ದರಂತೆ. ಬಾಗಿಲು ಮುಚ್ಚಿಸಿ ನಾರು ಹಚ್ಚಿದರು. ಹೊಗೆ ನೆಟ್ಟಗೆ ಕೊಳವೆಗೆ ಹೋಯಿತು. ಅವರು ಬಹಳ ಹೊತ್ತು ಒಲೆಯನ್ನೇ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

"ಹೂಂ. ಒಂಚೂರು ಬತ್ತಾ ಐತೆ," ಎಂದರು ರಂಗಪ್ಪನವರು. "ಇದು ಒಂದ್ ದಿನಕ್ಕೆ ಆಗೋ ಕೆಲ್ಸ ಅಲ್ಲ. ಬುಧವಾರ ಬತ್ತೀನಿ. ಕಾಫಿ ಇಡವ್ವ."

ಬುಧವಾರ ಬರಲಿಲ್ಲ. ಸಂಜೆ ಫೋನ್ ಮಾಡಿದರೆ ಅವರ ತಮ್ಮನ ಮಗ ಎತ್ತಿದ. "ದೊಡ್ಡಪ್ಪ ಸೋಮವಾರ ಹೋಗ್ಬಿಟ್ರು ಕಣಕ್ಕ. ಹಗರೆ ಒಲೆ, ಹಗರೆ ಒಲೆ ಅಂತಿದ್ರು. ಬೇರೆ ಯಾರ್ನಾರ ಕಳಿಸ್ಲಾ? ಏನಾಗಿತ್ತು ಒಲೆಗೆ?"

"ಒಲೆಗೆ ಏನೂ ಆಗಿರ್ಲಿಲ್ಲ ಕಣಪ್ಪ" ಎಂದೆ.

ಅವನು "ಸರಿ ಅಕ್ಕ" ಎಂದು ಫೋನಿಟ್ಟ.