ಚೌಕ ದಾಟದ ಗರುಫಲ್ಯಾ

ಗರುಫಲ್ಯಾಳ ಮನೆಗೂ ರೊಟ್ಟಿಯಂಗಡಿಗೂ ನಡುವೆ ಇದ್ದದ್ದು ಊರ ಚೌಕ ಒಂದೇ. ಆದರೂ ಆಕೆ ಹುಟ್ಟಿದಾಗಿನಿಂದ ಆಲಿವ್ ತೋಟ ಬಳಸಿ, ಕಲ್ಲುದಾರಿ ಹತ್ತಿಳಿದೇ ಹೋದವಳು. ಚೌಕದಲ್ಲಿ ಕ್ಯಾಪ್ಟನ್ ಮಾವ್ರೇಯಾಸ್‌ನ ಕಂಚಿನ ಪ್ರತಿಮೆ ನಿಂತಿತ್ತಲ್ಲ, ಅದಕ್ಕೆ. ತುರ್ಕರನ್ನು ಓಡಿಸಿ ಗ್ರೀಸಿಗೆ ಸ್ವಾತಂತ್ರ್ಯ ತಂದವನೆಂದು ಊರೆಲ್ಲ ಅವನಿಗೆ ಟೋಪಿ ತೆಗೆಯುತ್ತಿತ್ತು. ಆಮೇಲೆ ನಮ್ಮನಮ್ಮಲ್ಲೇ ಕಿತ್ತಾಟ ಶುರುವಾದಾಗ ಗರುಫಲ್ಯಾಳ ಮುತ್ತಜ್ಜನ ಅಜ್ಜನನ್ನು ಕೊಂದವನೂ ಅವನೇ. ನಮ್ಮ ಮಾನಿ ಸೀಮೆಯಲ್ಲಿ ಹಗೆ ಎಂದರೆ ಪಿತ್ರಾರ್ಜಿತ ಆಸ್ತಿ. ಅದನ್ನು ಕಳೆದವನು ಮನೆಹಾಳ. ತನ್ನ ಮದುವೆಯ ದಿನವೂ ದಿಬ್ಬಣವನ್ನು ತೋಟದೊಳಗಿಂದಲೇ ಚರ್ಚಿಗೆ ನಡೆಸಿದಳು, ಮಹರಾಯ್ತಿ! ಲಂಗ ಮುಳ್ಳಿಗೆ ಸಿಕ್ಕಿ ಹರಿದರೂ ಕ್ಯಾರೇ ಅನ್ನಲಿಲ್ಲ.

ಆ ವರ್ಷ ಮಾರ್ಚ್ ತಿಂಗಳ ಸ್ವಾತಂತ್ರ್ಯದ ಹಬ್ಬಕ್ಕೆ ಪ್ರತಿಮೆಯೆದುರು ಪದ್ಯ ಹೇಳಲು ಶಾಲೆಯವರು ಆರಿಸಿದ್ದು ಆಕೆಯ ಮೊಮ್ಮಗಳು ಲಿಗೇರಿಯನ್ನು. ತಾಯಿಯಿಲ್ಲದ ಮಗು, ನಾಚಿಕೆಯ ಮುದ್ದೆ. ಗರುಫಲ್ಯಾಳೇ ಸಾಕಿದ್ದಳು.

"ಅಜ್ಜಿ, ನೀನು ಬರ್ಲಿಲ್ಲಾಂದ್ರೆ ನಂಗೆ ಬಾಯೇ ಬಿಡಕ್ಕಾಗಲ್ಲ."

"ಆ ಕೊಲೆಗಡುಕನ ಮುಂದೆ ನಾನಾ? ನನ್ನ ಹೆಣಾನೂ ಆ ಕಡೆ ಒಯ್ಬೇಡಿ ಅಂತ ಪಾದ್ರಿಗೆ ಹೇಳಿಟ್ಟಿದೀನಿ!"

ಕಾಫಿ ಅಂಗಡಿಯ ಥ್ರಾಸೋಸ್ ಬೇಲಿಯಾಚೆಯಿಂದ ಕೆಣಕಿದ: "ಕಂಚು ಕಣಮ್ಮಾ ಅದು, ಇಳ್ದು ಬಂದು ಕಚ್ತದಾ?"

"ನೀನು ಕಾಫಿ ಸರಿಯಾಗಿ ಕಾಸೋದು ಕಲಿ ಹೋಗೋ!"

ಹಬ್ಬದ ಬೆಳಿಗ್ಗೆ ಉಪ್ಪುಮೀನು ಕರಿಯಲು ಎಣ್ಣೆ ಇಟ್ಟಳು. ಚೌಕದಿಂದ ಡೋಲಿನ ಸದ್ದು ಬಂತು. ಎಣ್ಣೆ ಕಾಯುವ ಮೊದಲೇ ಮನಸ್ಸು ಕಾದುಹೋಯಿತು. ಬಾಣಲೆ ಇಳಿಸಿ ಹೊರಟೇಬಿಟ್ಟಳು. ಚೌಕದ ಅಂಚಿಗೆ ಬಂದು ಪ್ರತಿಮೆಗೆ ಬೆನ್ನು ಹಾಕಿ ನಿಂತಳು. ಕೇಳಿದರೆ ಸಾಕು, ನೋಡುವುದೇನೂ ಬೇಡ ಅಂತ.

ಲಿಗೇರಿ ಎರಡು ಸಾಲು ಹೇಳಿ ನಿಂತಳು. ಟೀಚರು ಪಿಸುಗುಟ್ಟಿದರು. ಯಾರೋ ಕಿಸಕ್ಕೆಂದರು. ಮಗುವಿನ ಬಿಕ್ಕು ಕೇಳಿದ್ದೇ ತಡ, ಗರುಫಲ್ಯಾ ಗಿರ್ರನೆ ತಿರುಗಿದಳು. ತಿಂಗಳಿಡೀ ಅಡುಗೆಮನೆಯಲ್ಲಿ ಕೇಳಿ ಕೇಳಿ ಪದ್ಯವೆಲ್ಲ ಬಾಯಿಗೆ ಬಂದಿತ್ತು. ಜನರನ್ನು ತಳ್ಳಿಕೊಂಡು ಮುಂದೆ ಬಂದು, ಪ್ರತಿಮೆಯೆದುರೇ ನಿಂತು ಗಂಟಲು ಬಿಚ್ಚಿದಳು:

"'ಮಾವ್ರೇಯಾಸ್, ನಮ್ಮೂರ ಸಿಂಹವೇ, ನಿನ್ನಿಂದ ನಮಗೆ ಬೆಳಕು' — ಹೇಳೇ ಕಂದಾ!"

ಮಗು ಅಜ್ಜಿಯ ಮುಖವನ್ನೇ ನೋಡುತ್ತ ಕೊನೆಯ ಸಾಲಿನವರೆಗೂ ಹೇಳಿ ಮುಗಿಸಿತು. ಚಪ್ಪಾಳೆಯ ನಡುವೆ ಗರುಫಲ್ಯಾ ಕಣ್ಣೊರೆಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ತಲೆಯೆತ್ತಿ ಕಂಚಿನ ಮುಖ ನೋಡಿದಳು.

"ನಿನ್ನ ನಾನು ಕ್ಷಮಿಸಿಲ್ಲ ಕಣೋ," ಎಂದಳು. "ಆದ್ರೆ ನಮ್ಮ ಮಗು ಎಷ್ಟು ಚೆನ್ನಾಗಿ ಹೇಳ್ತು, ಕೇಳಿಸ್ಕೊಂಡ್ಯಾ?"