ಮೊಟ್ಟೆಯ ಸೈಕಲ್ಲಿಗೆ ಟ್ಯೂಬಿಲ್ಲದ ಟಯರು

ವೇಣೂರಿನ ಆಚೆ, ಗುಡ್ಡೆಯ ಮೇಲಿನ ಸಣ್ಣ ಅಂಗಡಿಗಳಿಗೆ ಮೊಟ್ಟೆ ಹೋಗುತ್ತಿದ್ದದ್ದು ಝೈನಬಳ ಸೈಕಲ್ಲಿನಲ್ಲಿ. ಮೊದಲು ಅದು ಅವಳ ಗಂಡನ ಕೆಲಸ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಗೋಡೆಗೊರಗಿ ನಿಂತಿದ್ದ ಸೈಕಲನ್ನು ಅವಳೇ ಅಂಗಳಕ್ಕಿಳಿಸಿದಳು. ಬಿದ್ದಳು. ತಲೆಯ ಶಾಲನ್ನು ಬಿಗಿದುಕೊಂಡು ಮತ್ತೆ ಹತ್ತಿದಳು. ಅತ್ತೆ ಬೀಯಮ್ಮ ಬಾಗಿಲಲ್ಲಿ ನಿಂತು, "ಮುಂದಿನ ಬ್ರೇಕ್ ಒಂದನ್ನೇ ಹಿಡಿಯಬೇಡ, ಮಗುಚಿ ಬೀಳ್ತಿ" ಅಂದರು. ಅಷ್ಟೇ ಅಂದದ್ದು.

ಮೊಟ್ಟೆ ಕೊಡುತ್ತಿದ್ದವನು ಗಂಡನ ಅಣ್ಣ ಇಬ್ರಾಹಿಂ ಖಲೀಲ್. ಪೇಟೆಯಲ್ಲಿ ದೊಡ್ಡ ಅಂಗಡಿ. ೨೦೦೯ರ ಬೇಸಿಗೆ ಶುರುವಾಗುವಾಗ ಅವನು ಹೇಳಿದ: "ಗುಡ್ಡೆಯ ದಾರಿಯಲ್ಲಿ ದಿನಾ ಮೊಟ್ಟೆ ಒಡೀತದೆ. ಇನ್ನು ಅಂಗಡಿಗಳಿಗೆ ಮೊಟ್ಟೆ ಹಾಕುವ ಲೈನು ರಿಕ್ಷಾದವನಿಗೆ ಕೊಡ್ತೇನೆ. ನೀನು ಮನೆಯಲ್ಲಿ ಆರಾಮ ಇರು."

"ಒಡೆಯದಿದ್ದರೆ?"

"ಒಡೆಯದಿದ್ದರೆ ನಿನ್ನದೇ. ಬೇಡ ಅಂತ ಯಾರು ಹೇಳಿದ್ದು?"

ಆ ಮಾತನ್ನು ಅವಳು ಬಿಡಲಿಲ್ಲ.

ಅವಳ ತಮ್ಮ ನಿಝಾಮ್ ಶಾರ್ಜಾದ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆ ಸಲ ರಜೆಗೆ ಬಂದವನು ಹಳೆಯದೊಂದು ಗುಡ್ಡ ಹತ್ತುವ ಸೈಕಲನ್ನೂ ಎರಡು ಜೊತೆ ಟಯರುಗಳನ್ನೂ ತಂದಿದ್ದ. ಟ್ಯೂಬ್ ಬೇಡದ ಟಯರುಗಳು. ಒಂದು ಜೊತೆ ಸಪೂರ, ಉದ್ದುದ್ದ ರಬ್ಬರ್ ಗುಬ್ಬಿಗಳದ್ದು; ಇನ್ನೊಂದು ದಪ್ಪ, ಗಿಡ್ಡ ಗುಬ್ಬಿಗಳು ಒತ್ತೊತ್ತಾಗಿ ಇದ್ದದ್ದು.

ಸೈಕಲ್ ರಿಪೇರಿಯ ಅಣ್ಣು ಆ ಸೈಕಲ್ಲಿಗೆ ಮೊಟ್ಟೆಯ ಕ್ಯಾರಿಯರ್ ಕೂರಿಸಿ, ಎರಡೂ ಜೊತೆ ಟಯರುಗಳನ್ನು ತಿರುಗಿಸಿ ನೋಡಿದ. "ಟ್ಯೂಬ್ ಇಲ್ಲದೆ ಗಾಳಿ ಎಲ್ಲಿ ಕೂತುಕೊಳ್ಳುವುದು ಝೈನಬಕ್ಕ? ಚಾಪೆ ಹಾಕಿ ಕೊಡುವುದಾ?" ಆಮೇಲೆ ಉದ್ದ ಗುಬ್ಬಿಯದ್ದನ್ನು ತಟ್ಟಿದ. "ಹಾಕುವುದಾದರೆ ಇದನ್ನೇ ಹಾಕುವ. ಹಲ್ಲು ನೋಡಿ, ಹುಲಿಯದ್ದು!"

ಝೈನಬ್ ದಾರಿಯನ್ನು ನೆನೆದಳು. ಅಲ್ಲಿ ಕೆಸರಿಲ್ಲ. ಬೋಳು ಮುರಕಲ್ಲಿನ ಬಂಡೆ, ಅದರ ಮೇಲೆ ಉರುಳುವ ಚೂರುಕಲ್ಲು. ಉದ್ದ ಗುಬ್ಬಿ ಕಚ್ಚುವುದಕ್ಕೆ ಮಣ್ಣೆಲ್ಲಿದೆ? ಬಂಡೆಯ ಮೇಲೆ ಅದು ಹೀಲ್ಡ್ ಚಪ್ಪಲಿ ಹಾಕಿದವಳ ಹಾಗೆ ಓಲಾಡೀತು.

"ಮೊಟ್ಟೆ ಹೊರುವವಳಿಗೆ ಹಲ್ಲು ಬೇಡ ಮಾರಾಯ್ರೆ. ಹೊಟ್ಟೆ ಬೇಕು. ಆ ದಪ್ಪದ್ದು ಹಾಕಿ."

ತೂತು ಮುಚ್ಚಲೆಂದು ನಿಝಾಮ್ ಕೊಟ್ಟ ಹಾಲಿನಂಥ ಅಂಟನ್ನು ಒಳಗೆ ಹೊಯ್ದು, ಅಂಚಿಗೆ ಸಾಬೂನು ನೀರು ಸವರಿ ಅಣ್ಣು ಪಂಪು ಹೊಡೆದೇ ಹೊಡೆದ. ಗಾಳಿ ನಿಲ್ಲಲಿಲ್ಲ. ಕೊನೆಗೆ ಚಕ್ರಗಳನ್ನು ಬಸ್ಸಿನಲ್ಲಿ ಮೂಡುಬಿದಿರೆಗೆ ಕೊಂಡುಹೋಗಿ, ಲಾರಿ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ನುಗ್ಗಿಸಬೇಕಾಯಿತು. ಫಟ್ ಎಂದು ಟಯರು ರಿಮ್ಮಿಗೆ ಕೂತಿತು. ಅಣ್ಣು ಪ್ರೀತಿಯಿಂದ ಇನ್ನಷ್ಟು ತುಂಬಿಸಿ, ಹೆಬ್ಬೆರಳಿಂದ ಒತ್ತಿ, "ಕಲ್ಲು!" ಎಂದು ಹಿಗ್ಗಿದ.

ಕಲ್ಲೇ ಆಗಿತ್ತು. ಮರುದಿನ ಇಳಿಜಾರಿನಲ್ಲಿ ಸೈಕಲು ಚೆಂಡಿನ ಹಾಗೆ ಪುಟಿಯಿತು; ಮೇಲಿನ ಟ್ರೇ ಪೂರ್ತಿ ಲೋಳೆ. "ಫಾರಿನ್ ಟಯರಿನಲ್ಲಿ ಆಮ್ಲೆಟ್ ಬೇಗ ಆಗ್ತದೋ ಏನೋ" ಎಂದ ಖಲೀಲ್. "ಇನ್ನೊಂದು ಸಲ ನೋಡುವ. ಅದೇ ಕೊನೆ."

ಸಂಜೆ ಅವಳು ಅದೇ ಇಳಿಜಾರಿಗೆ ಹೋಗಿ ಕಲ್ಲಿನ ಮೇಲೆ ಕೂತಳು. ಟಯರು ಕೊಡುವಾಗ ನಿಝಾಮ್ ಹೇಳಿದ್ದು ಈಗ ತಿಳಿಯಿತು: ಗಾಳಿ ಕಮ್ಮಿಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ತೂತಾಗುವುದು ಟ್ಯೂಬು, ಟ್ಯೂಬೇ ಇಲ್ಲದ ಮೇಲೆ ಗಟ್ಟಿ ಗಾಳಿ ಯಾತಕ್ಕೆ? ವಾಲ್ವು ಒತ್ತಿ ಗಾಳಿ ಸ್ವಲ್ಪ ಬಿಟ್ಟಳು, ಸೈಕಲು ಹತ್ತಿ ಇಳಿಜಾರು ಇಳಿದು ನೋಡಿದಳು. ಮತ್ತೆ ಸ್ವಲ್ಪ ಬಿಟ್ಟಳು. ತೀರಾ ಮೆತ್ತಗಾದಾಗ ತಿರುವಿನಲ್ಲಿ ಸೈಕಲು ಜೋಲಿ ಹೊಡೆಯಿತು. ಕೈಪಂಪಿನಿಂದ ತುಸು ತುಂಬಿಸಿದಳು. ಕಡೆಗೊಮ್ಮೆ ಟಯರು ಚೂರುಕಲ್ಲನ್ನು ನೂಕಲಿಲ್ಲ, ಒಳಕ್ಕೆಳೆದುಕೊಂಡು ದಾಟಿತು, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡ ಹಾಗೆ.

ಬೆಳಿಗ್ಗೆ ಅವಳು ಹೊರಟಾಗ ಅಣ್ಣು ಅಡ್ಡ ಓಡಿ ಬಂದ. "ಗಾಳಿ ಇಲ್ಲ ಅಕ್ಕ, ನಿಲ್ಲಿ!"

"ಬೇಕಾದಷ್ಟು ಉಂಟು. ಕೈ ಹಚ್ಚಿದರೆ ಜಾಗ್ರತೆ!"

ಖಲೀಲ್ ಬೈಕಿನಲ್ಲಿ ರಸ್ತೆ ಸುತ್ತಿ ಬಂದು, ಗುಡ್ಡೆಯ ಮೇಲಿನ ಸೇಸಮ್ಮನ ಅಂಗಡಿಯಲ್ಲಿ ಕಾದಿದ್ದ. ಒಂದೊಂದೇ ಟ್ರೇ ಎತ್ತಿ, ಬಗ್ಗಿ, ಬೆಳಕಿಗೆ ಹಿಡಿದು ನೋಡಿದ. ಒಂದೂ ಬಿರುಕು ಬಿಟ್ಟಿರಲಿಲ್ಲ. ಟ್ರೇಗಳನ್ನು ಇಟ್ಟು ಕೈ ಒರೆಸಿಕೊಂಡ.

"ಒಡೆಯಲಿಲ್ಲ, ಸರಿ. ಆದರೂ ಹೋಟೆಲಿನಲ್ಲಿ ನಾಲ್ಕು ಜನ ಕೇಳ್ತಾರೆ, ನಿಮ್ಮ ಮನೆಯ ಹೆಂಗಸು ಸೈಕಲಿನಲ್ಲಿ ತಿರುಗುವುದಾ ಅಂತ. ಲೈನು ಕೊಡ್ಲಿಕ್ಕೆ ಆಗುವುದಿಲ್ಲ."

ಝೈನಬ್ ಖಾಲಿ ಕ್ಯಾರಿಯರಿನ ಹಗ್ಗ ಸುತ್ತಿದಳು. "ಇದನ್ನು ಮೊದಲೇ ಹೇಳಬಹುದಿತ್ತು ಖಲೀಲಾಕ. ತಪ್ಪನ್ನು ಪಾಪದ ಮೊಟ್ಟೆಯ ಮೇಲೆ ಯಾಕೆ ಹಾಕಿದ್ದು?"

"ಮೊಟ್ಟೆ ನನ್ನದು."

"ಇಟ್ಟುಕೊಳ್ಳಿ. ದಾರಿ ನಿಮ್ಮದಲ್ಲ."

ಸೇಸಮ್ಮ ಟ್ರೇಗಳನ್ನು ಒಳಗೆಳೆದುಕೊಳ್ಳುತ್ತಾ, "ರಿಕ್ಷಾ ಸುತ್ತು ಹಾಕಿ ಇಲ್ಲಿಗೆ ಮುಟ್ಟುವಾಗ ಮಕ್ಕಳು ಶಾಲೆಯಿಂದ ಬಂದಾಗಿರ್ತದೆ" ಎಂದಳು. "ಇವಳು ಯಾರದ್ದೇ ಮೊಟ್ಟೆ ತರಲಿ, ನನಗೆ ಇವಳೇ ಸಾಕು."

ಮರುದಿನ ಝೈನಬ್ ಮೂಡುಬಿದಿರೆ ರಸ್ತೆಯ ಕೋಳಿ ಫಾರ್ಮಿಗೆ ಹೋಗಿ ತಾನೇ ಮಾತಾಡಿ ಮೊಟ್ಟೆ ತಂದಳು. ಗುಡ್ಡೆಗೆ ಹೋಗಲು ಪೇಟೆ ದಾಟಬೇಕು. ಅಷ್ಟು ಕಾಲವೂ ಅವಳು ಖಲೀಲನ ಅಂಗಡಿಯೆದುರು ಅವನ ಮರ್ಯಾದೆಗೆಂದು ಇಳಿದು ಸೈಕಲು ತಳ್ಳುತ್ತಿದ್ದಳು. ಅಂದು ಇಳಿಯಲಿಲ್ಲ.

ಹೋಟೆಲಿನೆದುರು ದಾರಿಗಡ್ಡ ನಿಂತವರಲ್ಲಿ ಯಾರೋ ಕೂಗಿದರು: "ಓಹೋ, ಲಾರಿ ಬಂತು!"

"ಹೌದು ಮಾರಾಯ್ರೆ, ಲೋಡು ಉಂಟು!" ಝೈನಬ್ ಪೆಡಲಿನ ಮೇಲೆ ಎದ್ದು ನಿಂತಳು. "ಬದಿಗೆ ಸರಿಯಿರಿ!"

ಅವರು ಸರಿದರು.