ಎಡಗೈ ಎತ್ತಿದ ಪುಟ್ಟಲಕ್ಷ್ಮಿ

1961ನೇ ಇಸವಿಯ ಮಾರ್ಚ್ ತಿಂಗಳು. ನನಗಾಗ ಇಪ್ಪತ್ತು ವರ್ಷ. ಯಲಹಂಕದ ನಮ್ಮ ಮನೆಯಿಂದ ಹೆಸರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಊರಿನ ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಟೀಚರಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಂದು ನನ್ನೆದುರು ಕೂತಿದ್ದ ಮಕ್ಕಳೆಲ್ಲ ಈಗ ಮೊಮ್ಮಕ್ಕಳನ್ನು ಕಂಡವರು. ಅವರು ಜಗಳಕ್ಕೆ ಬಂದರೆ ತಡೆದುಕೊಳ್ಳುವ ವಯಸ್ಸು ನನ್ನದಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಬಂದು, ನನ್ನ ಪಾಠ ನೋಡಿ, ಒಳ್ಳೆಯ ವರದಿ ಬರೆದರೆ ಜೂನ್‌ನಲ್ಲಿ ಕೆಲಸ ಕಾಯಂ. ಇಲ್ಲದಿದ್ದರೆ ಮನೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು, "ಕಾಯಂ ಆದ್ರೆ ನಾನು ಅಡ್ಡ ಬರಲ್ಲ. ಆಗ್ಲಿಲ್ಲ ಅಂದ್ರೆ ತುಮಕೂರಿನ ಸಂಬಂಧಕ್ಕೆ ಸುಮ್ನೆ ಒಪ್ಕೋಬೇಕು." ತುಮಕೂರಿನ ಆ ಪುಣ್ಯಾತ್ಮರನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಆದರೂ ಅವರ ಮೇಲೆ ನನಗೆ ವಿಪರೀತ ಕೋಪವಿತ್ತು.

ಇನ್ಸ್‌ಪೆಕ್ಷನ್ ಇನ್ನು ಹತ್ತು ದಿನವಿದೆ ಎನ್ನುವಾಗ ಹೆಡ್‌ಮೇಷ್ಟ್ರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. "ನೋಡಮ್ಮಾ, ಪ್ರಶ್ನೆ ಕೇಳ್ದಾಗ ಒಂದು ಕೈನೂ ಕೆಳಗಿರಬಾರದು. ಗೊತ್ತಿರೋ ಮಕ್ಕಳು ಬಲಗೈ ಎತ್ತಲಿ, ಗೊತ್ತಿಲ್ದೋರು ಎಡಗೈ ಎತ್ತಲಿ. ನೀವು ಬಲಗೈಯೋರನ್ನ ಮಾತ್ರ ಎಬ್ಬಿಸಿ. ನೋಡೋರಿಗೆ ಎಲ್ಲಾ ಬುದ್ಧಿವಂತರೇ. ನಾನು ಮೇಷ್ಟ್ರಾದಾಗಿಂದ ಹಿಂಗೇ ನಡ್ಕೊಂಡ್ ಬಂದಿದೆ."

ನನಗೆ ನಾಚಿಕೆಯಾಯಿತು. ತುಮಕೂರು ನೆನಪಾಗಿ ನಾಚಿಕೆ ಹೋಯಿತು. ಆವತ್ತಿನಿಂದಲೇ ಆರನೇ ಕ್ಲಾಸಿನಲ್ಲಿ ಕೈ ಎತ್ತುವ ತಾಲೀಮು ಶುರುವಾಯಿತು. ಮಕ್ಕಳಿಗೆ ಅದೊಂದು ಆಟ. ಪಾಠಕ್ಕಿಂತ ಬೇಗ ಅದನ್ನೇ ಕಲಿತರು.

ಸಾಹೇಬರ ಮುಂದೆ ಮಾಡಬೇಕಿದ್ದದ್ದು ಇಂಗ್ಲಿಷ್ ಪಾಠ, ಋತುಗಳ ಬಗ್ಗೆ. ಸ್ಪ್ರಿಂಗ್ ಎಂದರೆ ವಸಂತ ಎಂದು ಬೋರ್ಡಿನ ಮೇಲೆ ಬರೆದೆ, ಎಲ್ಲರೂ ಒಟ್ಟಿಗೆ ಕೂಗಿದರು. ಕೊನೇ ಸಾಲಿನಲ್ಲಿ ಪುಟ್ಟಲಕ್ಷ್ಮಿ ಎದ್ದು ನಿಂತಳು. ಬಾವಿ ತೋಡುವ ತಿಮ್ಮಯ್ಯನ ಮಗಳು. ಎಣ್ಣೆ ಸುರಿಯುವ ಜಡೆ, ನೆಟ್ಟ ನೋಟ.

"ಮಿಸ್, ಸೈಕಲ್ ಸೀಟಿನ ಕೆಳಗಿರೋದೂ ಸ್ಪ್ರಿಂಗೇ ಅಲ್ವಾ? ಅದುಕ್ಕೂ ವಸಂತಕ್ಕೂ ಏನ್ ಮಿಸ್ ಸಂಬಂಧ?"

"ಏನೂ ಸಂಬಂಧ ಇಲ್ಲ. ಅದು ಬೇರೆ, ಇದು ಬೇರೆ. ಕೂತ್ಕೋ."

ಅವಳು ಕೂತಳು. ಆದರೆ ನನಗೆ ಕೂರಲಾಗಲಿಲ್ಲ. ಇಂಗ್ಲಿಷಿನಲ್ಲಿ ಇಡೀ ಸ್ಕೂಲಿಗೇ ನಾನು ಮುಂದೆ ಎಂದು ಬೀಗುತ್ತಿದ್ದವಳು ನಾನು. ಸಂಬಂಧ ಇಲ್ಲ ಎಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಬಾಯಿ ಬರದೆ ಇಲ್ಲ ಎಂದುಬಿಟ್ಟಿದ್ದೆ, ಅಷ್ಟೆ.

ಭಾನುವಾರ ರೈಲು ಹತ್ತಿ ಯಶವಂತಪುರಕ್ಕೆ ಹೋದೆ. ಅಲ್ಲಿ ನನ್ನ ಸೋದರಮಾವ ಇದ್ದರು, ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಹತ್ತಿರ ತಲೆದಿಂಬಿನಷ್ಟು ದಪ್ಪದ ಇಂಗ್ಲಿಷ್ ನಿಘಂಟು ಇತ್ತು. ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದರು, ಮಕ್ಕಳು ಮುಟ್ಟಬಾರದೆಂದು. ಕೆಳಗಿಳಿಸುವ ಮುಂಚೆ ನನಗೂ ಕೈ ತೊಳೆದು ಬಾ ಎಂದರು.

ಸ್ಪ್ರಿಂಗ್ ಎಂಬ ಆ ಒಂದು ಪದಕ್ಕೆ ಹೆಚ್ಚುಕಡಿಮೆ ಒಂದು ಪುಟವೇ ಇತ್ತು. ಚೈತ್ರದ ಕಾಲ, ಲೋಹದ ಸುರುಳಿ, ನೆಲದಿಂದ ಉಕ್ಕುವ ನೀರು, ನೆಗೆತ. ಓದುತ್ತಾ ಹೋದಷ್ಟೂ ನನ್ನ ತಲೆ ಕೆಟ್ಟಿತು. ಮಾವ ಕನ್ನಡಕ ಏರಿಸಿ, ಇರುವೆ ಸಾಲಿನಂಥ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು.

"ಪದ ಎಲ್ಲಿಂದ ಬಂತು ಅಂತ ಇಲ್ಲಿ ಬರೆದಿರ್ತಾರೆ ಕಣೇ. ಇದನ್ನ ಯಾರೂ ಓದಲ್ಲ. ಹಳೇ ಇಂಗ್ಲಿಷಿನಲ್ಲಿ ಅದು ಕ್ರಿಯೆ. ಚಿಮ್ಮೋದು, ನೆಗೆಯೋದು. ಮಿಕ್ಕಿದ್ದೆಲ್ಲಾ ಅದರಿಂದಲೇ ಹುಟ್ಟಿದ್ದು."

ನನಗೆ ಮೈ ಜುಂ ಎಂದಿತು. ಅದುಮಿ ಬಿಟ್ಟರೆ ಸುರುಳಿ ಚಿಮ್ಮುತ್ತದೆ. ಒಣಗಿದ ಕೊಂಬೆಯಿಂದ ಚಿಗುರು ಚಿಮ್ಮುತ್ತದೆ. ನೆಲದೊಳಗಿನಿಂದ ನೀರು ಚಿಮ್ಮುತ್ತದೆ. ಎಲ್ಲವೂ ಒಂದೇ ತಾಯಿಯ ಮಕ್ಕಳು. ಅತ್ತೆ ಮೂರು ಸಲ ಕೂಗಿದ ಮೇಲೆ ಎದ್ದು ಹೋಗಿ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ. ವಾಪಸು ಬರುವಾಗ ರೈಲಿನಲ್ಲಿ ಪಕ್ಕದಲ್ಲಿದ್ದ ಹೂ ಮಾರುವ ಹೆಂಗಸಿಗೂ ಅದನ್ನೇ ವಿವರಿಸಿದೆ. ಆಕೆ ಪಾಪ, ಹೆಸರಘಟ್ಟದಲ್ಲಿ ಸೇವಂತಿಗೆ ಚೆನ್ನಾಗಿ ಬರುತ್ತೆ ಎಂದಳು.

ಇನ್ಸ್‌ಪೆಕ್ಷನ್ ಮಾರನೆಯ ದಿನವೇ. ಸಾಹೇಬರು ಬಿಳಿ ಪ್ಯಾಂಟು, ಕಪ್ಪು ಕೋಟು ಹಾಕಿಕೊಂಡು ಬಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತರು. ನಗುವ ಮುಖವಲ್ಲ. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತರು. ತಾಲೀಮು ಮಾಡಿಸಿದ್ದ ಪಾಠವನ್ನೇ ಒಪ್ಪಿಸಿದ್ದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಹಿಂದಿನ ದಿನದ ಉತ್ಸಾಹ ನನ್ನನ್ನು ಸುಮ್ಮನೆ ಬಿಡಬೇಕಲ್ಲ.

ಅಣ್ಣನ ಹಳೆಯ ಟಾರ್ಚಿನಿಂದ ಕಿತ್ತು ತಂದಿದ್ದ ಸ್ಪ್ರಿಂಗನ್ನು ಬೆರಳುಗಳ ನಡುವೆ ಅದುಮಿ ಬಿಟ್ಟೆ. ಅದು ಹಾರಿ ನೇರವಾಗಿ ಸಾಹೇಬರ ಫೈಲಿನ ಮೇಲೆ ಬಿತ್ತು. ಮಕ್ಕಳು ಕಿಸಕ್ಕನೆ ನಕ್ಕರು. ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾನು ನಿಲ್ಲಿಸಲಿಲ್ಲ. ಅಂಗಳದ ಹೊಂಗೆಮರದಿಂದ ತಂದಿದ್ದ ಚಿಗುರಿನ ಕೊಂಬೆ ತೋರಿಸಿ, ಪುಟ್ಟಲಕ್ಷ್ಮಿ ಕೇಳಿದ್ದ ಪ್ರಶ್ನೆಗೆ ಅಂದು ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡು, ಎರಡಕ್ಕೂ ಚಿಮ್ಮುವುದೇ ಮೂಲ ಎಂದು ವಿವರಿಸಿದೆ. ಆಮೇಲೆ ಆ ಭರದಲ್ಲೇ ಕೇಳಿದೆ, "ಇದೇ ಹೆಸರಿನಿಂದ ಇಂಗ್ಲಿಷಿನೋರು ಇನ್ನೊಂದನ್ನೂ ಕರೀತಾರೆ. ಅದು ಏನಿರಬಹುದು?"

ಎಲ್ಲ ಕೈಗಳೂ ಮೇಲೆದ್ದವು. ಅಷ್ಟೂ ಎಡಗೈಗಳು. ತಾಲೀಮಿನಲ್ಲಿ ಇಲ್ಲದ ಪ್ರಶ್ನೆ, ಯಾರಿಗೆ ತಾನೇ ಗೊತ್ತಿರಬೇಕು.

"ನೀವಿರಿ, ನಾನು ಕೇಳ್ತೀನಿ," ಎಂದ ಸಾಹೇಬರು ಕೊನೇ ಸಾಲಿನತ್ತ ಕೈ ತೋರಿಸಿದರು. "ಜಡೆ ಹುಡುಗಿ, ನೀನು ಹೇಳಮ್ಮ."

ಪುಟ್ಟಲಕ್ಷ್ಮಿ ಎದ್ದಳು. "ನಂಗೊತ್ತಿಲ್ಲ ಸಾರ್."

"ಮತ್ತೆ ಕೈ ಎತ್ತಿದೀಯಲ್ಲ?"

"ಎಡಗೈ ಅಲ್ವಾ ಸಾರ್ ಎತ್ತಿರೋದು. ಗೊತ್ತಿರೋರು ಬಲಗೈ, ಗೊತ್ತಿಲ್ದೋರು ಎಡಗೈ. ಮಿಸ್ ಏಳ್ಕೊಟ್ಟವ್ರೆ."

ಸಾಹೇಬರು ನಿಧಾನವಾಗಿ ನನ್ನ ಕಡೆ ತಿರುಗಿದರು. ಬಾಗಿಲಲ್ಲಿದ್ದ ಹೆಡ್‌ಮೇಷ್ಟ್ರ ಮುಖ ನೋಡಿದೆ. ಇನ್ನೆರಡು ವರ್ಷಕ್ಕೆ ಪೆನ್ಷನ್ ಆಗಬೇಕಿದ್ದ ಮನುಷ್ಯ. ಅವರ ಹೆಸರು ಹೇಳಲು ನನಗೆ ಮನಸ್ಸು ಬರಲಿಲ್ಲ.

"ಹೌದು ಸಾರ್. ನಾನೇ ಹೇಳಿಕೊಟ್ಟಿದ್ದು," ಎಂದೆ. ತುಮಕೂರಿಗೆ ಹೋಗುವ ಬಸ್ಸು ಕಣ್ಣಿಗೆ ಕಟ್ಟಿತು.

ಸಾಹೇಬರು ಮತ್ತೆ ಪುಟ್ಟಲಕ್ಷ್ಮಿಯನ್ನೇ ನೋಡಿದರು. "ಗೊತ್ತಿಲ್ಲ ಅಂತ ಕೈ ಎತ್ತಿದೀಯ. ಸರಿ, ಏನು ಗೊತ್ತಿಲ್ಲ ಹೇಳು."

ಅವಳು ಲಂಗ ಹಿಂಡುತ್ತಾ ಹೇಳಿದಳು, "ನಮ್ಮಪ್ಪ ಬಾವಿ ತೋಡ್ತದೆ ಸಾರ್. ಊಟ ತಕೊಂಡ್ ಓಗ್ತೀನಿ. ಒಂದ್ ದಿನ ಬಂಡೆ ಸಂದಿಯಿಂದ ನೀರು ಚಿಮ್ಮಿ ಅಪ್ಪನ ಮುಖಕ್ಕೇ ಒಡೀತು. ಜಲ ಬಂತು ಅಂತ ಎಲ್ರೂ ಕುಣುದ್ರು. ಮಿಸ್ ಈಗ ಚಿಮ್ಮೋದು ಅಂದ್ರಲ್ಲ. ಅಂಗಾದ್ರೆ ಅದುಕ್ಕೂ ಇದೇ ಎಸ್ರೇನೋ ಅಂತ ಅನ್ನಿಸ್ತು. ಇಂಗ್ಲೀಸ್ನೋರು ಅಂಗಂತಾರೋ ಇಲ್ವೋ, ಅದು ನಂಗೊತ್ತಿಲ್ಲ."

"ಅದೇ ಕಣೇ! ಅದೇ!" ಎಂದು ನಾನು ಕಿರುಚಿಬಿಟ್ಟೆ. ಸಾಹೇಬರಿದ್ದಾರೆ, ಕೆಲಸ ಹೋಗುತ್ತಿದೆ, ಒಂದೂ ನೆನಪಿಲ್ಲ. ಓಡಿಹೋಗಿ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. ನಾನು ರೈಲು ಹತ್ತಿ ಹೋಗಿ, ಕೈ ತೊಳೆದುಕೊಂಡು, ಅಷ್ಟು ದಪ್ಪದ ಪುಸ್ತಕ ಬಿಡಿಸಿ ತಿಳಿದದ್ದನ್ನು ಈ ಹುಡುಗಿ ಕೂತಲ್ಲೇ ಕಂಡುಕೊಂಡಿದ್ದಳು.

ಹಿಂದಿನಿಂದ ಕುರ್ಚಿ ಸರಿದ ಸದ್ದು ಕೇಳಿಸಿತು. ತಿರುಗಿದರೆ ಸಾಹೇಬರು ಎದ್ದು ನಿಂತಿದ್ದರು. "ಮಿಕ್ಕ ಎಡಗೈಗಳಿಗೆ ಏನೇನು ಗೊತ್ತಿಲ್ಲ, ಅದನ್ನೂ ಕೇಳೋಣ," ಎಂದರು. ಗಂಟೆ ಹೊಡೆದ ಮೇಲೂ ಅವರು ಹೋಗಲಿಲ್ಲ. ಒಬ್ಬ ಹುಡುಗ ಮಿಡತೆಯೂ ಸ್ಪ್ರಿಂಗಾ ಎಂದು ಕೇಳಿದ. ಇನ್ನೊಬ್ಬಳು ಒಲೆಯ ಮೇಲೆ ಸಾಸಿವೆ ಸಿಡಿಯುವುದಕ್ಕೆ ಏನೆನ್ನುತ್ತಾರೆ ಎಂದಳು. ಅದಕ್ಕೆ ಸಾಹೇಬರಿಗೂ ಉತ್ತರ ಗೊತ್ತಿರಲಿಲ್ಲ. ಅವರು ಸುಮ್ಮನೆ ತಮ್ಮ ಎಡಗೈಯನ್ನು ಮೇಲೆತ್ತಿದರು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹೊರಡುವಾಗ ಟಾರ್ಚಿನ ಸ್ಪ್ರಿಂಗನ್ನು ನನ್ನ ಕೈಗೆ ಕೊಟ್ಟು, ಹೆಡ್‌ಮೇಷ್ಟ್ರಿಗೂ ಕೇಳುವಂತೆ ಹೇಳಿದರು, "ಕೈ ವಿಷಯ ನಾನು ಬರೆಯಲ್ಲ. ಆದ್ರೆ ನಾಳೆಯಿಂದ ಎಡಗೈಯೋರನ್ನೇ ಮೊದಲು ಎಬ್ಬಿಸಿ."

ಜೂನ್‌ನಲ್ಲಿ ಕಾಯಂ ಆರ್ಡರು ಬಂತು. ಅಪ್ಪ ಕೊಟ್ಟ ಮಾತಿನಂತೆ ಅಡ್ಡ ಬರಲಿಲ್ಲ. ತುಮಕೂರಿನವರಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತಂತೆ, ಸದ್ಯ.

ನಿವೃತ್ತಿಯ ದಿನದವರೆಗೂ ನನ್ನ ಕ್ಲಾಸಿನಲ್ಲಿ ಆ ಪದ್ಧತಿ ಬಿಡಲಿಲ್ಲ. ಗೊತ್ತಿದ್ದರೆ ಬಲಗೈ, ಗೊತ್ತಿಲ್ಲದಿದ್ದರೆ ಎಡಗೈ. ನಾನು ಎಬ್ಬಿಸುತ್ತಿದ್ದದ್ದು ಎಡಗೈಯವರನ್ನು. ಪುಟ್ಟಲಕ್ಷ್ಮಿ ಏಳನೇ ಕ್ಲಾಸಿನವರೆಗೆ ಓದಿದಳು. ಆಮೇಲೆ ತಿಮ್ಮಯ್ಯ ಬಾವಿ ಕೆಲಸಕ್ಕೆಂದು ಸಂಸಾರ ಸಮೇತ ಬೇರೆ ಊರಿಗೆ ಹೋದ. ಎಲ್ಲಿದ್ದಾಳೋ, ಹೇಗಿದ್ದಾಳೋ ತಿಳಿಯದು. ಅವಳು ಇದನ್ನು ಓದಿದರೆ ನನಗೊಂದು ಕಾಗದ ಹಾಕಲಿ. ಯಾವ ಕೈಯಲ್ಲಿ ಬರೆದರೂ ಸರಿ.